ಆರ್ದ್ರೇಂಧನ ಮೀಮಾಂಸೆ: ಅಗ್ಗದ ಪಂಪ್ ಸ್ಟೌವಿನ ಹೊಗೆಯನ್ನು ಕುರಿತು

ನ್ಯಾಯಶಾಸ್ತ್ರಕ್ಕೂ ಚಾರಣಕ್ಕೂ ಇರುವ ನಂಟನ್ನು ನಮ್ಮ ವಿದ್ವಾಂಸರು ಇದುವರೆಗೆ ಕಡೆಗಣಿಸಿದ್ದಾರೆ. 17ನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹವನ್ನು ಹಿಡಿದು ಕೂತ ವಿದ್ಯಾರ್ಥಿಗೆ ಅನುಮಾನ ಖಂಡದಲ್ಲಿ ಎದುರಾಗುವುದೇ ಒಂದು ಬೆಟ್ಟ, ಬೆಟ್ಟದ ಮೇಲೊಂದಿಷ್ಟು ಹೊಗೆ. ಹೊಗೆ ಕಂಡದ್ದರಿಂದ ಅಲ್ಲಿ ಬೆಂಕಿಯಿದೆ ಎಂದು ತಿಳಿಯಬೇಕು. ಇದಕ್ಕೆ ದೃಷ್ಟಾಂತ ಅಡುಗೆಮನೆ. ಬೆಟ್ಟ, ಹೊಗೆ, ಬೆಂಕಿ, ಅಡುಗೆಮನೆ ಈ ನಾಲ್ಕೂ ಒಂದೆಡೆ ಕೂಡುವ ಸ್ಥಳ ಚಾರಣಿಗರ ಬಿಡಾರವಲ್ಲದೆ ಬೇರೆ ಯಾವುದಿದ್ದೀತು? ಅಲ್ಲಿ ಅಗ್ಗದ ಬಹುಇಂಧನ ಸ್ಟೌವೊಂದರ ಸುತ್ತ ಮೂವರು ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ. ಹೊಗೆ ಧಾರಾಳವಾಗಿ ಪ್ರತ್ಯಕ್ಷವಾಗಿದೆ. ಬೆಂಕಿ ಮಾತ್ರ ಅನುಮಾನಕ್ಕಷ್ಟೇ ದಕ್ಕುತ್ತದೆ, ಪಾತ್ರೆಯ ತಳಕ್ಕೆ ದಕ್ಕುವುದಿಲ್ಲ. ಈ ವೈಷಮ್ಯವೇ ಪ್ರಸ್ತುತ ಪ್ರಬಂಧದ ವಿಷಯ. ಶಾಸ್ತ್ರಗ್ರಂಥಗಳ ವಾಡಿಕೆಯಂತೆ ಉಳಿದವನ್ನೂ ಹೇಳುವುದಾದರೆ, ಮ್ಯಾಗಿ ಬೇಯುವುದೇ ಪ್ರಯೋಜನ. ಹಸಿದವನೇ ಅಧಿಕಾರಿ. ಸಂಬಂಧವನ್ನು ಕೊನೆಯವರೆಗೆ ಓದಿದವರು ತಾವೇ ಕಂಡುಕೊಳ್ಳಬಹುದು.

ಮೊದಲು ಪ್ರಮೇಯದ ಲಕ್ಷಣ. ಲೋಹದ ಬಾಟಲಿ, ಅದರ ಬಾಯಿಗೆ ತಿರುಗಿಸಿ ಕೂರಿಸುವ ಪಂಪು, ಅಲ್ಲಿಂದ ಹೊರಡುವ ಕೊಳವೆ, ಕೊಳವೆಯ ತುದಿಗೆ ಮೂರು ಕಾಲಿನ ಬರ್ನರು: ಇಷ್ಟು ಸೇರಿದರೆ ಸ್ಟೌ. ಇದರ ಜೊತೆ ಬರುವ ಮಡಿಕೆಬಿದ್ದ ಚೀಟಿಯನ್ನು ಸೂತ್ರಗ್ರಂಥವೆಂದು ಪರಿಗಣಿಸಬೇಕು. ಅಕ್ಷರ ಅಲ್ಪ, ಸಂದಿಗ್ಧತೆ ಅಪಾರ, ಚಿತ್ರಗಳಂತೂ ಇನ್ಯಾವುದೋ ಸ್ಟೌವಿನವು. ಭಾಷ್ಯವಿಲ್ಲದೆ ಅರ್ಥವಾಗುವ ಗ್ರಂಥವಲ್ಲ. ಭಾಷ್ಯಕಾರರು ಮೊದಲು ಹೇಳಬೇಕಾದದ್ದು ಇದು: ಕೊಳವೆ ಬರ್ನರಿಗೆ ನೇರವಾಗಿ ಹೋಗಿ ಮುಗಿಯುವುದಿಲ್ಲ. ಅದು ಜ್ವಾಲೆ ಏಳುವ ಜಾಗವನ್ನು ಒಮ್ಮೆ ಹಾದು, ಕಾದು, ಆಮೇಲೆ ಕೆಳಗಿನ ನಿಪ್ಪಲ್ಲಿಗೆ ಬರುತ್ತದೆ. ನಿಪ್ಪಲ್ಲಿನ ತೂತು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಹಾದಿಯಲ್ಲಿ ಕಾದ ಎಣ್ಣೆ ಆವಿಯಾಗಿ ಆ ತೂತಿನಿಂದ ರಭಸವಾಗಿ ಚಿಮ್ಮಿ, ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಮೇಲೆ ಹೋಗಿ ನೀಲಿಯಾಗಿ ಉರಿಯುತ್ತದೆ. 1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಮಸಿ ಕಾರದ ಸೀಮೆಎಣ್ಣೆ ಒಲೆ ಮಾಡಿದ್ದು ಇದೇ ಉಪಾಯದಿಂದ; ಆ ಪ್ರೈಮಸ್ ಒಲೆಯೇ 1911ರಲ್ಲಿ ಅಮುಂಡ್ಸೆನ್ನನ ಜೊತೆ ದಕ್ಷಿಣ ಧ್ರುವಕ್ಕೂ, 1953ರಲ್ಲಿ ಎವರೆಸ್ಟಿಗೂ ಹೋಯಿತು. ನಮ್ಮ ಅಜ್ಜಿಯರ ಪಂಪ್ ಸ್ಟೌ ಅದೇ ವಂಶದ್ದು, ಇಂದಿನ ಚಾರಣದ ಸ್ಟೌ ಅದರ ಮಡಚಿಡಬಹುದಾದ ಮೊಮ್ಮಗು. ಇಷ್ಟರಿಂದ ಸಿದ್ಧವಾದ ಸಂಗತಿಯೆಂದರೆ, ಎಣ್ಣೆ ಸ್ಟೌ ಎಣ್ಣೆಯನ್ನು ಉರಿಸುವುದೇ ಇಲ್ಲ, ಆವಿಯನ್ನು ಉರಿಸುತ್ತದೆ. ಕೊಂಡವರಲ್ಲಿ ಬಹುಪಾಲು ಜನ ಇದನ್ನು ತಿಳಿಯದೆಯೇ ಬೆಟ್ಟ ಹತ್ತಿಬಿಡುತ್ತಾರೆ.

ಈಗ ಸಿದ್ಧಾಂತ. ಹೊಗೆಯಿದ್ದಲ್ಲಿ ಬೆಂಕಿ ಎನ್ನಬಹುದು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಎನ್ನಲಾಗದು ಎಂದು ತಾರ್ಕಿಕರು ಬಹಳ ಹಿಂದೆಯೇ ಎಚ್ಚರಿಸಿದ್ದಾರೆ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಾಗಾದರೆ ಬೆಂಕಿ ಯಾವಾಗ ಹೊಗೆಯಾಡುತ್ತದೆ? ಹಸಿ ಸೌದೆ ಸೇರಿದಾಗ. ಇದಕ್ಕೆ ಅವರು ಇಟ್ಟ ಹೆಸರು ಆರ್ದ್ರೇಂಧನ ಸಂಯೋಗ, ಅಂದರೆ ಒದ್ದೆ ಉರುವಲಿನ ಕೂಡಿಕೆ. ಪಂಪನ್ನು ಕಣ್ಣಿಂದ ಕಾಣದ ಆ ಪಂಡಿತರು ಬಹುಇಂಧನ ಸ್ಟೌವಿನ ದೋಷಪಟ್ಟಿಯನ್ನು ಒಂದೇ ಸಮಾಸದಲ್ಲಿ ಮುಗಿಸಿಟ್ಟು ಹೋಗಿದ್ದಾರೆಂಬುದು ನಮ್ಮ ವಾದ. ಹಳದಿ ಜ್ವಾಲೆ, ಮಸಿ, ಕಣ್ಣುರಿ, ಮೊಳದುದ್ದ ಭುಗಿಲೇಳುವುದು, ಬುಸ್ ಬುಸ್ ಎಂದು ಏರಿಳಿಯುವುದು, ಎಲ್ಲದರ ಮೂಲ ಒಂದೇ: ಆವಿಯಷ್ಟೇ ಬರಬೇಕಾದ ಜಾಗಕ್ಕೆ ಹಸಿ ಎಣ್ಣೆ ಬಂದಿದೆ. ಸರಿಯಾಗಿ ಉರಿಯುವ ಸ್ಟೌ ಕಬ್ಬಿಣದ ಗುಂಡಿನ ವರ್ಗಕ್ಕೆ ಸೇರಿದ್ದು; ತಪ್ಪಾಗಿ ಉರಿಯುವ ಸ್ಟೌ ಹಸಿ ಸೌದೆಯ ವರ್ಗಕ್ಕೆ.

ಪ್ರಮಾಣ ಬೇಕೆನ್ನುವವರು ಹಚ್ಚುವ ವಿಧಿಯನ್ನೇ ನೋಡಬೇಕು. ಬರ್ನರಿನ ಕೆಳಗೊಂದು ಬಟ್ಟಲು ಅಥವಾ ಬತ್ತಿಯ ಮೆತ್ತೆ ಇರುತ್ತದೆ. ವಾಲ್ವನ್ನು ಚೂರು ತೆರೆದು ಒಂದು ಚಮಚದಷ್ಟು ಎಣ್ಣೆ ಅದಕ್ಕಿಳಿದ ಕೂಡಲೇ ಮುಚ್ಚಿ, ಬಟ್ಟಲಿಗೆ ಬೆಂಕಿ ತಾಗಿಸಿ, ಕೈ ಕಟ್ಟಿ ಕೂರಬೇಕು. ಈ ಕೈಕಟ್ಟುವಿಕೆಯೇ ಶಾಸ್ತ್ರದ ಸಾರ. ಆ ಹಳದಿ ಉರಿ ಅಡುಗೆಗಲ್ಲ, ಕೊಳವೆ ಕಾಯಲಿಕ್ಕೆ. ಅದು ಇನ್ನೇನು ಆರುತ್ತದೆ ಎನ್ನುವಾಗ ವಾಲ್ವನ್ನು ನಿಧಾನವಾಗಿ ತೆರೆದರೆ ನೀಲಿ ಜ್ವಾಲೆ ಸದ್ದು ಮಾಡುತ್ತ ಏಳುತ್ತದೆ. ಚಾರಣಿಗನಿಗೆ ಇಷ್ಟು ಕಾಯುವ ತಾಳ್ಮೆಯಿರುವುದಿಲ್ಲ. ಅರ್ಧಕ್ಕೇ ವಾಲ್ವು ತಿರುಗಿಸುತ್ತಾನೆ, ಕಾಯದ ಕೊಳವೆಯಿಂದ ಎಣ್ಣೆ ಎಣ್ಣೆಯಾಗಿಯೇ ಚಿಮ್ಮುತ್ತದೆ, ಹುಬ್ಬು ಸುಡುತ್ತದೆ, ಆಮೇಲೆ ಸ್ಟೌವಿನ ತಯಾರಕರ ಏಳು ತಲೆಮಾರಿಗೆ ಮಂಗಳಾರತಿ. ಭುಗಿಲೆದ್ದಾಗ ಊದುವುದೂ ನೀರು ಎರಚುವುದೂ ಪರಿಹಾರವಲ್ಲ. ವಾಲ್ವು ಮುಚ್ಚಿ, ಬಟ್ಟಲಲ್ಲಿದ್ದದ್ದು ಉರಿದು ಹೋಗಲು ಬಿಟ್ಟು, ಮತ್ತೆ ಮೊದಲಿಂದ ಶುರುಮಾಡಬೇಕು. ಪಂಪ್ ಸ್ಟೌ ಕಾಲದ ಗೃಹಿಣಿಯರು ಬಟ್ಟಲಿಗೆ ಸ್ಪಿರಿಟ್ ಸುರಿದು ಹಚ್ಚುತ್ತಿದ್ದರು, ಏಕೆಂದರೆ ಸ್ಪಿರಿಟ್ ಮಸಿ ಹಿಡಿಸದೆ ಉರಿಯುತ್ತದೆ. ಅವರು ಈ ಶಾಸ್ತ್ರದ ನಿಜವಾದ ಆಚಾರ್ಯರು, ಗ್ರಂಥ ಬರೆಯಲು ಅವರಿಗೆ ಬಿಡುವಿರಲಿಲ್ಲವಷ್ಟೆ. ಉರಿಯುವ ನಡುವೆ ಗಾಳಿ ಬೀಸಿದರೂ ಕೊಳವೆ ತಣಿದು ಹಸಿ ಎಣ್ಣೆ ಮರಳಿ ಬರುತ್ತದೆ. ಬುಸುಗುಟ್ಟುವಿಕೆಯ ಒಂದು ರಹಸ್ಯ ಇದು. ಅದಕ್ಕಾಗಿಯೇ ತಗಡಿನ ಮರೆ ಕೊಟ್ಟಿರುತ್ತಾರೆ. ಆ ಮರೆ ಬರ್ನರಿಗೆ ಮಾತ್ರ. ಬಾಟಲಿಯನ್ನೂ ಅದರೊಳಗೆ ಸೇರಿಸಿಟ್ಟವನು ತಾರ್ಕಿಕನಲ್ಲ, ಸಾಹಸಿ.

ಪೆಟ್ಟಿಗೆಯ ಮೇಲೆ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಎಲ್ಲವೂ ಆಗುತ್ತದೆಂದು ಅಚ್ಚು ಹಾಕಿರುವಾಗ ಒದ್ದೆ ಇಂಧನವೆಂಬ ಒಂದೇ ಉಪಾಧಿಯ, ಅಂದರೆ ಷರತ್ತಿನ, ಮಾತೇಕೆ ಎಂದು ಪೂರ್ವಪಕ್ಷಿ ಕೇಳಬಹುದು. ಇದಕ್ಕೆ ಮಹಾಭಾರತದ ಆದಿಪರ್ವ ಉತ್ತರ ಕೊಡುತ್ತದೆ. ಸರ್ವಭಕ್ಷಕನಾಗೆಂದು ಅಗ್ನಿಗೆ ಭೃಗು ಕೊಟ್ಟದ್ದು ಶಾಪ. ಅದನ್ನು ವರವೆಂದು ಪೆಟ್ಟಿಗೆಯ ಮೇಲೆ ಮುದ್ರಿಸಿದವರು ಸ್ಟೌ ವ್ಯಾಪಾರಿಗಳು ಮಾತ್ರ. ಮುಂದೆ ಅದೇ ಪರ್ವದಲ್ಲಿ ಶ್ವೇತಕಿ ರಾಜನ ಯಜ್ಞದಲ್ಲಿ ಹನ್ನೆರಡು ವರ್ಷ ತುಪ್ಪ ಕುಡಿದ ಅಗ್ನಿಗೆ ಅಜೀರ್ಣವಾಗಿ, ಬಣ್ಣಗೆಟ್ಟು, ಖಾಂಡವವನ್ನೇ ನುಂಗಿ ಚೇತರಿಸಿಕೊಳ್ಳಬೇಕಾಯಿತು. ಶುದ್ಧ ತುಪ್ಪ ಉಂಡ ದೇವರಿಗೇ ಈ ಗತಿಯಾದರೆ ಬಂಕಿನ ಪೆಟ್ರೋಲು ಕುಡಿಯುವ ತಗಡಿನ ಬರ್ನರಿನ ಪಾಡನ್ನು ಕೇಳುವುದೇ ಬೇಡ. ಸೀಮೆಎಣ್ಣೆ ಪೂರ್ತಿ ಆವಿಯಾಗಲು ಸುಮಾರು 150ರಿಂದ 300 ಡಿಗ್ರಿ ಬೇಕು. ಅದರಲ್ಲಿನ ಭಾರದ ಅಂಶ ಕೊಳವೆಯಲ್ಲೇ ಕರಕಾಗಿ ಕೂರುತ್ತದೆ; ಡೀಸೆಲ್ಲಿನದು ಇನ್ನೂ ದಪ್ಪ ಕರಕು. ಪೆಟ್ರೋಲು ಬೇಗ ಆವಿಯಾಗುತ್ತದೆ, ಹಚ್ಚಲು ಸುಲಭ, ಅಷ್ಟೇ ಸುಲಭವಾಗಿ ನಾವು ಹಚ್ಚಬಾರದೆಂದುಕೊಂಡದ್ದನ್ನೂ ಹಚ್ಚುತ್ತದೆ: ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅದರ ಆವಿಗೆ ಕಿಡಿ ತಾಗಿದರೆ ಸಾಕು, ಸೀಮೆಎಣ್ಣೆಗೆ 35 ಡಿಗ್ರಿ ದಾಟಬೇಕು. ಮೇಲಾಗಿ ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ನೀರನ್ನು ಹೀರುತ್ತದೆ, ಕಳಪೆ ರಬ್ಬರ್ ವಾಶರುಗಳನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಪೆಟ್ರೋಲನ್ನೂ ಸೀಮೆಎಣ್ಣೆಯನ್ನೂ ಬೆರೆಸಿ ಸಮನ್ವಯ ಸಾಧಿಸಲು ಹೊರಟವರಿದ್ದಾರೆ. ಸಮನ್ವಯ ವೇದಾಂತಕ್ಕೆ ಒಪ್ಪುತ್ತದೆ, ಬಾಟಲಿಗೆ ಒಪ್ಪುವುದಿಲ್ಲ. ನಮ್ಮ ನಿರ್ಣಯ: ಬಹುಇಂಧನ ಸ್ಟೌವನ್ನು ಏಕಪತ್ನೀವ್ರತದಲ್ಲಿ ಇಡಬೇಕು. ಸೋಸಿದ ಬಿಳಿ ಸೀಮೆಎಣ್ಣೆ ಸಿಕ್ಕರೆ ಅದು, ಇಲ್ಲವಾದರೆ ಪೆಟ್ರೋಲು, ಉಳಿದದ್ದೆಲ್ಲ ಆಪದ್ಧರ್ಮ.

ಹೊಗೆಯೇ ಇಲ್ಲ, ಬರಿದೇ ಉರಿ ಸೊರಗಿದೆ, ಇಲ್ಲಿ ಒದ್ದೆ ಇಂಧನ ಎಲ್ಲಿಂದ ಬಂತು ಎಂದು ಇನ್ನೊಂದು ಆಕ್ಷೇಪ. ಒಪ್ಪಿದೆವು. ಇದು ಇಂಧನಾಭಾವ, ಬೇರೆ ಪ್ರಕರಣ. ಪಂಪಿನ ದಂಡಿಗೆ ಒತ್ತು ಸಿಗದಿದ್ದರೆ ಅದರ ಚರ್ಮದ ವಾಶರು ಒಣಗಿದೆ. ಎರಡು ಹನಿ ಎಣ್ಣೆ ಸವರಿ ಬೆರಳಿಂದ ಅಗಲಿಸಿದರೆ ಮತ್ತೆ ಗಾಳಿ ಹಿಡಿಯುತ್ತದೆ. ಒತ್ತಡ ಸರಿಯಿದ್ದೂ ಉರಿ ಕ್ಷೀಣವಾದರೆ ನಿಪ್ಪಲ್ ಕಟ್ಟಿದೆ, ಪಿನ್ ಹಾಕಬೇಕು. ಪಿನ್ನಿಗೂ ಬಗ್ಗದಿದ್ದರೆ ಕೊಳವೆಯಲ್ಲಿ ಕರಕು ತುಂಬಿದೆ, ಒಳಗೆ ತಂತಿಯಿರುವ ಸ್ಟೌವಾದರೆ ಅದನ್ನು ಹೊರಗೆಳೆದು ಒರೆಸಿ, ಮತ್ತೆ ತೂರಿಸಿ, ಹಿಂದೆಮುಂದೆ ಉಜ್ಜಬೇಕು. ಕರಕೆಂದರೆ ಆವಿಯಾಗದೆ ಉಳಿದ ಎಣ್ಣೆಯೇ ಆದ್ದರಿಂದ ಪೂರ್ವಪಕ್ಷಿ ಸುತ್ತಿ ಬಳಸಿ ನಮ್ಮ ಸಿದ್ಧಾಂತದ ಅಂಗಳಕ್ಕೇ ಬಂದು ನಿಂತಿದ್ದಾನೆ. ವಾಶರಿನ ವಿಷಯದಲ್ಲಿ ಮಾತ್ರ ಅವನು ಗೆದ್ದ.

ಇಷ್ಟೆಲ್ಲ ಪಾಡು ಯಾಕೆ, ಗ್ಯಾಸಿನ ಚಿಕ್ಕ ಡಬ್ಬಿ ಒಯ್ದರಾಗದೇ ಎನ್ನುವವರಿಗೆ ಚುಟುಕು ಉತ್ತರ: ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಹೋದಲ್ಲಿ ಸಿಗುತ್ತದೆಂಬ ಭರವಸೆಯಿಲ್ಲ, ಮತ್ತು ಸಾದಾ ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಸಹ್ಯಾದ್ರಿಯ ಮಟ್ಟಿಗೆ ಡಬ್ಬಿಯೇ ಸಾಕು. ಲಡಾಖಿನ ಚಳಿಗೆ ಹೋಗುವವನಿಗೆ ಈ ಮೀಮಾಂಸೆ.

ಸ್ಟೌ ಸಿಡಿಯುವುದಿಲ್ಲವೇ ಎಂಬುದು ಗಂಭೀರ ಆಕ್ಷೇಪ. ಇಲ್ಲಿಯೂ ಕಾರಣಗಳು ಸರಳ. ಬಾಟಲಿಯನ್ನು ಗೆರೆ ಮೀರಿ ತುಂಬಿದರೆ ಒಳಗಿನ ಗಾಳಿಗೆ ಜಾಗವಿರದು. ಎಣ್ಣೆ ಬಿಸಿಗೆ ಹಿಗ್ಗಿದಾಗ ಒತ್ತಡ ಏರಿ ಸಿಕ್ಕಿದ ಸಂದಿಯಿಂದ ಎಣ್ಣೆ ಹೊರಬರುತ್ತದೆ. ಆದ್ದರಿಂದ ಕಾಲು ಭಾಗ ಖಾಲಿ ಬಿಡಬೇಕು. ಉರಿಯುವ ಸ್ಟೌವಿಗೆ ಎಣ್ಣೆ ತುಂಬುವುದು, ಬಿಸಿಯಿರುವಾಗ ಬಾಟಲಿಯ ಮುಚ್ಚಳ ಬಿಚ್ಚುವುದು, ನೀರಿನ ಬಾಟಲಿಯನ್ನೇ ಎಣ್ಣೆಗೂ ಬಳಸುವುದು, ಇವುಗಳಿಗೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವಿಲ್ಲ. ಇನ್ನು ದಶಕಗಳ ಹಿಂದೆ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಸಿಡಿಯುತ್ತಿದ್ದ ಸ್ಟೌಗಳ ಮಾತು. ಅತ್ತೆಯ ಕೈಯಲ್ಲಿ ವರ್ಷಗಟ್ಟಲೆ ತೆಪ್ಪಗಿದ್ದು, ಹೊಸ ಸೊಸೆ ಹಚ್ಚಿದ ಕೂಡಲೇ ಸಿಡಿಯುವ ಸ್ಟೌವನ್ನು ಯಾವ ವಾಶರೂ ವಿವರಿಸದು. ಅದಕ್ಕೆ 1986ರಲ್ಲಿ ದಂಡಸಂಹಿತೆಗೆ ವರದಕ್ಷಿಣೆ ಸಾವಿನ 304ಬಿ ಕಲಮನ್ನು ಸೇರಿಸಬೇಕಾಯಿತು. ಯಂತ್ರದ ಮೇಲೆ ಹೊರಿಸಿದ ಆ ಸುಳ್ಳು ಅಪವಾದದಿಂದ ಪಂಪ್ ಸ್ಟೌವನ್ನು ಬಿಡುಗಡೆ ಮಾಡುವುದೂ ಈ ಪ್ರಬಂಧದ ಉದ್ದೇಶಗಳಲ್ಲೊಂದು.

ಕೊನೆಯ ಆಕ್ಷೇಪವೇ ಅತ್ಯಂತ ಬಲವಾದದ್ದು, ಅದನ್ನು ಎತ್ತುವವರು ನಮ್ಮ ಶಿಷ್ಯರೇ. ಹೊಗೆಯಿಲ್ಲದ ನೀಲಿ ಜ್ವಾಲೆ ನಿರ್ದೋಷವೆಂದು ತಾವೇ ಸಾಧಿಸಿದ್ದೀರಿ. ಹೊರಗೆ ಹಿಮ ಬೀಳುತ್ತಿದೆ. ಟೆಂಟಿನೊಳಗೇ ಹಚ್ಚಿಕೊಂಡರೆ ಅಡುಗೆಯೂ ಆಯಿತು, ಬೆಚ್ಚಗೂ ಆಯಿತು. ಇದು ಶುದ್ಧ ಹೇತ್ವಾಭಾಸ. ಹೊಗೆಯಿಲ್ಲವೆಂಬುದರಿಂದ ವಿಷವಿಲ್ಲವೆಂದು ಊಹಿಸುವ ಹಾಗಿಲ್ಲ. ನೀಲಿ ಜ್ವಾಲೆ ತಣ್ಣನೆಯ ಪಾತ್ರೆಯ ತಳಕ್ಕೆ ಬಡಿದಾಗ ಅಲ್ಲಿಯೇ ತಣಿದು ದಹನ ಅರ್ಧಕ್ಕೆ ನಿಲ್ಲುತ್ತದೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಹಿಮ ಕರಗಿಸಲು ಇಟ್ಟ ದೊಡ್ಡ ಪಾತ್ರೆಯಾದರೆ ಇದು ಇನ್ನೂ ಹೆಚ್ಚು, ಗಂಟೆಗಟ್ಟಲೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಎಟುಕದ ಪದಾರ್ಥ ಇದೊಂದೇ, ಇದಕ್ಕೆ ಅನ್ನಂಭಟ್ಟನ ನೆರವೂ ಇಲ್ಲ. ಲಕ್ಷಣಗಳಾದರೂ ತಿಳಿಸುತ್ತವೆಯೇ ಎಂದರೆ, ತಲೆನೋವು, ಓಕರಿಕೆ, ನಿಶ್ಶಕ್ತಿ, ಮಂಪರು. ಎತ್ತರದ ಬೆಟ್ಟಗಳಲ್ಲಿ ಕಾಡುವ ಕಾಯಿಲೆಯ ಲಕ್ಷಣಗಳೂ ಇವೇ. ತಲೆನೋವೆಂದು ಟೆಂಟಿನ ಜಿಪ್ಪು ಎಳೆದು, ಚಹಾಕ್ಕೆ ಇನ್ನೊಮ್ಮೆ ಸ್ಟೌ ಹಚ್ಚಿದವನು ರೋಗವನ್ನೇ ಔಷಧವೆಂದು ಸೇವಿಸುತ್ತಿದ್ದಾನೆ. ಬಟ್ಟೆಯ ಟೆಂಟು ಗಾಳಿಯಾಡುತ್ತದಲ್ಲ ಎಂಬ ಸಮಾಧಾನ ಬೇಡ. ಮೇಲೆ ಹಿಮ ಕೂತರೆ ಅದೂ ಮುಚ್ಚಿದ ಕೋಣೆಯೇ. ಇಲ್ಲಿ ವಾದಕ್ಕೆ ಜಾಗವಿಲ್ಲ: ಸ್ಟೌ ಹೊರಗೆ, ಮನುಷ್ಯ ಒಳಗೆ.

ಅಗ್ಗದ್ದು ಕೊಳ್ಳಬಹುದೇ? ಕೊಳ್ಳಬಹುದು. ತತ್ತ್ವದಲ್ಲಿ ಅದಕ್ಕೂ ದುಬಾರಿಯದಕ್ಕೂ ಭೇದವಿಲ್ಲ, ಭೇದವಿರುವುದು ವಾಶರು, ಮರೆ, ಜೋಡಣೆಗಳಲ್ಲಿ. ಉಳಿಸಿದ ಹಣದಲ್ಲಿ ಒಂದು ಪಾಲನ್ನು ಹೆಚ್ಚುವರಿ ವಾಶರಿಗೂ ಪಿನ್ನಿಗೂ ಇಡಿ. ಹೊರಡುವ ಮೊದಲು ಅಂಗಳದಲ್ಲಿ ಪಂಪು ಹೊಡೆದು, ಹಚ್ಚದೆಯೇ ಪ್ರತಿ ಜೋಡಣೆಗೂ ಸೋಪಿನ ನೊರೆ ಸವರಿ. ಗುಳ್ಳೆ ಎದ್ದಲ್ಲಿ ಸೋರಿಕೆಯಿದೆ, ಅಂಥದ್ದನ್ನು ಹಚ್ಚಬೇಡಿ. ನೊರೆ ಒಪ್ಪಿಗೆ ಕೊಟ್ಟರೆ ಒಂದು ಲೀಟರ್ ನೀರು ಕಾಯಿಸಿ ನೋಡಿ. ಬೆಟ್ಟದ ಮೇಲಿನ ಮಾತು ಬೇರೆ: 3,500 ಮೀಟರ್ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಸ್ಟೌ ಎಷ್ಟು ಚೆನ್ನಾಗಿ ಉರಿದರೂ ಅಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಬೇಳೆಯೇ ಬೇಕೆಂದರೆ ಪುಟ್ಟ ಕುಕ್ಕರ್ ಹೊರಬೇಕು. ಹೊರಲಾರದವರು ಅವಲಕ್ಕಿ ಒಯ್ಯಲಿ. ಅವಲಕ್ಕಿಗೆ ತಣ್ಣೀರು ಸಾಕು, ಸ್ಟೌ ಬೇಕಾಗಿಲ್ಲ.