ಯಾವ ಜನ್ಮದ ನನ್ನನ್ನು ಬೈತಿದ್ದೀರಿ? – ಚಾಕಲೇಟ್ ಹೊಳೆಯ ಕಾಲ್ಪನಿಕ ಸಂದರ್ಶನ

ರೋಲ್ಡ್ ಡಾಲ್ 1964ರಲ್ಲಿ ಬರೆದ ‘ಚಾರ್ಲಿ ಅಂಡ್ ದಿ ಚಾಕಲೇಟ್ ಫ್ಯಾಕ್ಟರಿ’ ಎರಡು ಸಲ ದೊಡ್ಡ ಪರದೆಗೆ ಬಂದಿದೆ. 1971ರಲ್ಲಿ ಮೆಲ್ ಸ್ಟುವರ್ಟ್ ನಿರ್ದೇಶನದಲ್ಲಿ ಜೀನ್ ವೈಲ್ಡರ್ ಕಾರ್ಖಾನೆಯ ಒಡೆಯ ವಿಲ್ಲಿ ವೊಂಕಾ ಆದರು. 2005ರಲ್ಲಿ ಟಿಮ್ ಬರ್ಟನ್ ಮತ್ತೆ ಮಾಡಿದಾಗ ವೊಂಕಾನ ಟೋಪಿ ಜಾನಿ ಡೆಪ್ ತಲೆಗೆ ಬಂತು. ವೊಂಕಾನ ಹರೆಯದ ಕಥೆ ಅಂತ 2023ರಲ್ಲಿ ಇನ್ನೊಂದೂ ಬಂತು. ‘ಮೊದಲನೆಯದೇ ಸಿನಿಮಾ, ಎರಡನೆಯದು ಅಪಚಾರ’ ಎನ್ನುವವರಿಗೂ ‘ಪುಸ್ತಕ ಓದಿದ್ದೀಯೇನಯ್ಯಾ?’ ಎಂದು ತಿರುಗಿ ಬೀಳುವವರಿಗೂ ಇಪ್ಪತ್ತು ವರ್ಷದಿಂದ ರಾಜಿಯಾಗಿಲ್ಲ. ಎರಡು ಸಿನಿಮಾದಲ್ಲೂ ಹರಿದವಳು ಚಾಕಲೇಟ್ ಹೊಳೆ. ಸಾಕ್ಷಿ ಹೇಳಲು ಅವಳಿಗಿಂತ ತಕ್ಕವರು ಯಾರಿದ್ದಾರೆ?

ನಮಸ್ಕಾರ ತಾಯಿ. ಹೊಳೆಯ ಹತ್ತಿರ ಬರಿಗೈಲಿ ಹೋಗಬಾರದು ಅಂತ ಬಾಗಿನ ತಂದಿದ್ದೇವೆ.

ಮೊರದಲ್ಲಿ ಏನೇನಿದೆ? ಬಳೆ, ಅರಿಶಿನ ಕುಂಕುಮ, ಬೆಲ್ಲ… ಒಳ್ಳೇದಾಗಲಿ ಕಣಪ್ಪ. ಎರಡು ಜನ್ಮದಲ್ಲೂ ನನಗೆ ಅರ್ಪಿಸಿದ್ದು ಜರ್ಮನಿಯ ಒಬ್ಬ ಗುಂಡು ಹುಡುಗನನ್ನು ಮಾತ್ರ. ಆಗಸ್ಟಸ್ ಗ್ಲೂಪ್. ಅವನೂ ತಾನಾಗಿ ಬಿದ್ದದ್ದು.

ಮೊದಲ ಜನ್ಮ ನೆನಪಿದೆಯೇ?

ಮರೆಯೋಕಾಗುತ್ತಾ? ಮ್ಯೂನಿಕ್‌ನ ಸ್ಟುಡಿಯೊ. ನೀರಿಗೆ ಚಾಕಲೇಟು, ಕೆನೆ ಕದಡಿ ಬಿಟ್ಟರು. ಮೇಲಿಂದ ದೀಪಗಳ ಕಾವು. ಕೆನೆ ಎಷ್ಟು ದಿನ ತಡೆದೀತು? ನಾತ ಎದ್ದಿತು. ಗ್ಲೂಪ್ ಪಾತ್ರ ಮಾಡಿದ ಹುಡುಗ ದೊಡ್ಡವನಾದ ಮೇಲೂ ‘ಅದು ಗಬ್ಬು ನೀರು’ ಅಂತಲೇ ಹೇಳಿಕೊಂಡು ಬಂದ. ‘ಹಳೇ ಸಿನಿಮಾದಲ್ಲಿ ಎಲ್ಲವೂ ಎಷ್ಟು ಸಹಜ’ ಅಂತ ಉಸಿರೆಳೆಯುತ್ತಾರಲ್ಲ, ಅವರು ನನ್ನ ದಡದಲ್ಲಿ ನಿಂತು ಉಸಿರೆಳೆಯಬೇಕಿತ್ತು. ನಾನು ಸಹಜವಾಗಿಯೇ ಕೊಳೆತಿದ್ದೆ.

2005ರಲ್ಲಿ?

ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೊ. ಲಕ್ಷಗಟ್ಟಲೆ ಲೀಟರು, ಜಲಪಾತ ಸಮೇತ. ನಿಜವಾದ ಚಾಕಲೇಟ್ ಅಲ್ಲ, ಆದರೆ ಹದ ಹಾಗಿತ್ತು. ಮಂದವಾಗಿ, ಮಿರಮಿರ ಮಿಂಚುತ್ತಾ ಹರಿದೆ. ಅದಕ್ಕೆ ಬಂದ ಬಿರುದು ‘ಕೃತಕ’. ಮೊದಲ ಜನ್ಮದಲ್ಲಿ ಅಸಲಿ ಚಾಕಲೇಟಿತ್ತು, ಕಂಡದ್ದು ಬಗ್ಗಡ. ಎರಡನೇ ಜನ್ಮದಲ್ಲಿ ನಕಲಿ, ಕಂಡದ್ದು ಚಾಕಲೇಟು. ಸಿನಿಮಾದವರಿಗೆ ಇದರಲ್ಲಿ ಯಾವುದು ಕೆಲಸ ಅಂತ ನೀನೇ ಹೇಳು.

ಆದರೂ 1971ರದ್ದೇ ಕ್ಲಾಸಿಕ್ ಅಂತಾರಲ್ಲ ತಾಯಿ. ಈಗಿನವರದ್ದು ಬರೀ ದುಡ್ಡಿನ ಆಸೆ ಅಂತ ವೈಲ್ಡರ್ ಅವರೇ ಬೇಸರಪಟ್ಟರು. ಮುಂದೆ ‘ಅವಮಾನ’ ಎಂದೂ ಅಂದರು.

ಹಿರಿಯರು, ಅನ್ನಲಿ. ದುಡ್ಡಿನ ಮಾತು ಬಂತಲ್ಲ, ಕೇಳು. ಆ ಮೊದಲ ಸಿನಿಮಾಕ್ಕೆ ಸುಮಾರು 30 ಲಕ್ಷ ಡಾಲರ್ ಸುರಿದದ್ದು ಕ್ವೇಕರ್ ಓಟ್ಸ್ ಕಂಪನಿ. ಯಾಕೆ? ಮಕ್ಕಳ ಸಾಹಿತ್ಯದ ಮೇಲಿನ ಪ್ರೀತಿಗಲ್ಲ. ವೊಂಕಾ ಹೆಸರಿನ ಚಾಕಲೇಟ್ ಮಾರೋಕೆ. ಅದಕ್ಕೇ ಪುಸ್ತಕದ ಹೆಸರಲ್ಲಿದ್ದ ಚಾರ್ಲಿಯನ್ನು ಇಳಿಸಿ ವೊಂಕಾನನ್ನು ಕೂರಿಸಿದ್ದು. ಅಂದರೆ ನಿಮ್ಮ ಕ್ಲಾಸಿಕ್ಕು ಹುಟ್ಟಿದ್ದೇ ಜಾಹೀರಾತಾಗಿ. ಡಾಲ್ ಬರೆದ ಚಿತ್ರಕಥೆಯನ್ನು ಬೇರೆಯವರ ಕೈಲಿ ತಿದ್ದಿಸಿದರು. ವೊಂಕಾ ಪಾತ್ರಕ್ಕೆ ಆತ ಕೇಳಿದ್ದು ಸ್ಪೈಕ್ ಮಿಲ್ಲಿಗನ್‌ನನ್ನು, ಸಿಕ್ಕಿದ್ದು ವೈಲ್ಡರ್. ಡಾಲ್‌ಗೆ ಸಿನಿಮಾ ಕಂಡರೇ ಆಗಲಿಲ್ಲ. ಕಥೆ ಮುಂದುವರಿಯುವ ಎರಡನೇ ಪುಸ್ತಕದ ಹಕ್ಕನ್ನು ಕೊಡಲೂ ಇಲ್ಲ. ಥಿಯೇಟರಿನ ಗಳಿಕೆ ಸುಮಾರು 40 ಲಕ್ಷ ಡಾಲರ್. ಹಿಟ್ ಅಂತ ಯಾರೂ ಪಟಾಕಿ ಹೊಡೆಯಲಿಲ್ಲ.

ಆಮೇಲೆ ಟೀವಿ ಬಂತು, ವಿಡಿಯೊ ಕ್ಯಾಸೆಟ್ ಬಂತು. ಅಮೆರಿಕದ ಮಕ್ಕಳು ರಜಾದಿನವೆಲ್ಲ ಇದನ್ನೇ ಹಾಕಿಕೊಂಡು ಕೂತರು. ಆ ಮಕ್ಕಳು ಬೆಳೆದು ವಿಮರ್ಶಕರಾದರು, ಅಪ್ಪ ಅಮ್ಮಂದಿರಾದರು. 2014ರಲ್ಲಿ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಈ ಸಿನಿಮಾವನ್ನು ರಾಷ್ಟ್ರೀಯ ಚಲನಚಿತ್ರಗಳ ಪಟ್ಟಿಗೆ ಸೇರಿಸಿತು. ನಾತ ಹೊಡೆಯುತ್ತಿದ್ದ ನಾನೂ ಅದರ ಜೊತೆಗೆ ರಾಷ್ಟ್ರೀಯ ಆಸ್ತಿ!

ಅಂದರೆ ಪ್ರೇಕ್ಷಕರ ಅಭಿಪ್ರಾಯಕ್ಕೆ ಬೆಲೆ ಇಲ್ಲ ಅಂತೀರಾ?

ಬೆಲೆ ಇದೆ, ವಯಸ್ಸೂ ಇದೆ. ನನ್ನ ದಡಕ್ಕೆ ಜಗಳ ತಂದವರನ್ನು ನಾನು ಕೇಳೋದು ಒಂದೇ: ಎಷ್ಟನೇ ಕ್ಲಾಸಿನಲ್ಲಿ ನೋಡಿದೆ? ಉತ್ತರ ಬಂದ ಮೇಲೆ ಅಭಿಪ್ರಾಯ ಕೇಳೋ ಅಗತ್ಯವೇ ಇರಲ್ಲ. 2005ರಲ್ಲಿ ಎರಡನೇ ಕ್ಲಾಸಿನಲ್ಲಿದ್ದವರು ಈಗ ಮದುವೆಯ ವಯಸ್ಸಿನವರು. ಅವರಿಗೆ ಡೆಪ್ಪೇ ಮೂಲ ವೊಂಕಾ. 2023ರಲ್ಲಿ ತಿಮೊಥಿ ಶಾಲಮೆ ಟೋಪಿ ಹಾಕಿಕೊಂಡಾಗ ‘ನಮ್ಮ ಕಾಲದ ವೊಂಕಾನೇ ಬೇರೆ’ ಅಂತ ನಿಟ್ಟುಸಿರು ಬಿಟ್ಟವರಲ್ಲಿ ಇವರೂ ಇದ್ದರು. ಇವರ ಕಾಲ ಬಂದು ಹೋದದ್ದು ಯಾವಾಗ ಅಂತ ನನಗೂ ಗೊತ್ತಾಗಲಿಲ್ಲ.

ಬರ್ಟನ್ ಕಡೆಯವರು ಇದು ರೀಮೇಕೇ ಅಲ್ಲ ಅಂದರು.

ನಿಮ್ಮ ಗಾಂಧಿನಗರದಲ್ಲಿ ‘ಸ್ವಮೇಕ್’ ಅಂತ ಎದೆ ತಟ್ಟಿಕೊಳ್ತಾರಲ್ಲ, ಅದೇ ರಾಗ. ಆದರೆ ಇವರ ಮಾತಲ್ಲಿ ಮುಕ್ಕಾಲು ನಿಜ ಇದೆ. ಚಿತ್ರಕಥೆ ಬರೆದ ಜಾನ್ ಆಗಸ್ಟ್ ಹಳೇ ಸಿನಿಮಾ ನೋಡಿರಲೇ ಇಲ್ಲ. ನೇರ ಪುಸ್ತಕಕ್ಕೆ ಹೋದರು. ಕಾರ್ಖಾನೆಯ ಕೆಲಸಗಾರರಾದ ಊಂಪಾ ಲೂಂಪಾಗಳ ಹಾಡಿಗೆ ಡಾಲ್‌ನ ಪದ್ಯಗಳನ್ನೇ ಎತ್ತಿಕೊಂಡರು. ಪುಸ್ತಕದಲ್ಲಿದ್ದ ಅಳಿಲುಗಳನ್ನೂ ವಾಪಸ್ ತಂದರು.

ಆ ಅಳಿಲುಗಳ ಕೋಣೆ ನೋಡಿದ್ದೀಯಾ? ಹಳೇ ಸಿನಿಮಾದಲ್ಲಿ ಅವುಗಳ ಬದಲು ಚಿನ್ನದ ಮೊಟ್ಟೆ ಇಡೋ ಹೆಬ್ಬಾತುಗಳಿದ್ದವು. ಬರ್ಟನ್ 40 ಅಳಿಲು ತಂದು ತಿಂಗಳುಗಟ್ಟಲೆ ಪಳಗಿಸಿದ. ಸಾಲದ್ದಕ್ಕೆ ಮಾತ್ರ ಕಂಪ್ಯೂಟರು, ಯಂತ್ರ. ಒಂದೊಂದಕ್ಕೂ ಪುಟ್ಟ ಸ್ಟೂಲು. ಅಕ್ರೋಟನ್ನು ಕೈಲಿ ಹಿಡಿದು, ಬಡಿದು, ಕಿವಿಗೊಟ್ಟು ಕೇಳುತ್ತವೆ. ಗಟ್ಟಿಯಾಗಿದ್ದರೆ ಒಡೆದು ಬೀಜವನ್ನು ಓಡುವ ಬೆಲ್ಟಿನ ಮೇಲೆ ಇಡುತ್ತವೆ, ಟೊಳ್ಳಾದರೆ ಹಿಂದಕ್ಕೆ ಎಸೆಯುತ್ತವೆ. ‘ನನಗೊಂದು ಅಳಿಲು ಬೇಕು’ ಅಂತ ಹಟ ಹಿಡಿದ ಶ್ರೀಮಂತರ ಮಗಳು ವೆರೂಕಾ ಒಳಗೆ ನುಗ್ಗಿದಳಲ್ಲ, ಅವಳನ್ನು ಕೆಡವಿ, ಎದೆ ಮೇಲೆ ಹತ್ತಿ, ಹಣೆಗೆ ಟಕಟಕ ಬಡಿದು ಕೇಳುತ್ತವೆ. ಟೊಳ್ಳು! ಎಳಕೊಂಡು ಹೋಗಿ ಕಸದ ಬಾವಿಗೆ ಹಾಕುತ್ತವೆ. ಈ ಒಂದು ದೃಶ್ಯದ ಮುಂದೆ ಹಳೇ ಹೆಬ್ಬಾತು ನಿಲ್ಲಲ್ಲ. ಬೇಕಾದರೆ ಹೆಬ್ಬಾತುಗಳೇ ಬಂದು ಜಗಳವಾಡಲಿ.

ಊಂಪಾ ಲೂಂಪಾಗಳ ವಿಚಾರ?

1964ರ ಪುಸ್ತಕದಲ್ಲಿ ಅವರು ಆಫ್ರಿಕಾದಿಂದ ಕರೆತಂದ ಕುಳ್ಳರು, ಸಂಬಳ ಕೋಕೊ ಬೀಜ. ಜನ ಸುಮ್ಮನಿರುತ್ತಾರಾ? 1971ರ ಸಿನಿಮಾ ಮುಖಕ್ಕೆ ಕಿತ್ತಳೆ ಬಣ್ಣ, ತಲೆಗೆ ಹಸಿರು ಬಣ್ಣ ಬಳಿದು ಪಾರಾಯಿತು. ಡಾಲ್ 1973ರಲ್ಲಿ ಪುಸ್ತಕವನ್ನೇ ತಿದ್ದಿದ. 2005ರಲ್ಲಿ 165 ಊಂಪಾ ಲೂಂಪಾಗಳನ್ನೂ ಮಾಡಿದ್ದು ಒಬ್ಬನೇ ನಟ ದೀಪ್ ರಾಯ್, ನೈರೋಬಿಯಲ್ಲಿ ಹುಟ್ಟಿದ ಭಾರತೀಯ ಮೂಲದವ. ನೋಡಿದವರು ‘ಎಲ್ಲ ಕಂಪ್ಯೂಟರ್ ಕೈಚಳಕ’ ಅಂತ ಎದ್ದು ಹೋದರು. ಆ ಮನುಷ್ಯ ಒಂದೊಂದು ಕುಣಿತವನ್ನೂ ಮತ್ತೆ ಮತ್ತೆ ಕುಣಿದು ಸೊಂಟ ಮುರಿದುಕೊಂಡದ್ದು ಯಾರಿಗೆ ಬೇಕು?

ನಮ್ಮ ಪಾಂಡಿಚೇರಿಯ ರಾಜನೂ ಬರುತ್ತಾನಂತೆ?

ಪುಸ್ತಕದಲ್ಲಿದ್ದಾನೆ, 2005ರಲ್ಲೂ ಇದ್ದಾನೆ, 1971ರಲ್ಲಿಲ್ಲ. ಇಡೀ ಅರಮನೆಯನ್ನು ಚಾಕಲೇಟಲ್ಲಿ ಕಟ್ಟಿಸಿಕೊಂಡ. ಬಿಸಿಲು ಬಂತು, ಅರಮನೆ ತಲೆ ಮೇಲೇ ಕರಗಿತು. ಪಾಂಡಿಚೇರಿಯಲ್ಲಿ 1954ರವರೆಗೂ ಆಳಿದ್ದು ಫ್ರೆಂಚರು, ರಾಜ ಎಲ್ಲಿಂದ ಬಂದ ಅಂತ ಯಾವ ಪ್ರೇಕ್ಷಕನೂ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಡೆಪ್‌ನ ಮುಖ ಮೈಕೆಲ್ ಜಾಕ್ಸನ್ ಥರ ಇದೆಯೋ ಇಲ್ಲವೋ ಅನ್ನೋ ಚರ್ಚೆಗೇ ಅವರಿಗೆ ಪುರುಸೊತ್ತಿರಲಿಲ್ಲ.

ಹಾಗಾದರೆ ನಿಮ್ಮ ಓಟು 2005ಕ್ಕೆ.

ತಡಿ. ನನಗೂ ಒಂದು ಸಿಟ್ಟಿದೆ. ವೊಂಕಾನಿಗೆ ಆ ಅಪ್ಪನನ್ನು ಯಾಕೆ ತಂದರು?

1971ರ ವೊಂಕಾ ಮೊದಲ ಸಲ ಹೊರಗೆ ಬರೋದನ್ನು ನೆನೆಸಿಕೋ. ಕಾರ್ಖಾನೆಯ ಬಾಗಿಲು ತೆಗೆಯುತ್ತೆ. ಕೋಲೂರಿಕೊಂಡು ಕುಂಟುತ್ತಾ ಬರ್ತಾನೆ. ಜನ ಗಪ್‌ಚಿಪ್. ಅಯ್ಯೋ ಪಾಪ ಅನ್ನೋ ಹೊತ್ತಿಗೆ ಕೋಲು ಕಲ್ಲುಹಾಸಿನಲ್ಲಿ ಸಿಕ್ಕಿಕೊಳ್ಳುತ್ತೆ, ಅವನು ಕೋಲಿಲ್ಲದೆ ಮುಂದಕ್ಕೆ ಬೀಳ್ತಾನೆ, ಬಿದ್ದವನು ಲಾಗ ಹಾಕಿ ಎದ್ದು ನಿಲ್ತಾನೆ. ಇದು ವೈಲ್ಡರ್ ಪಾತ್ರ ಒಪ್ಪಿಕೊಳ್ಳೋಕೆ ಹಾಕಿದ ಷರತ್ತು: ಆ ಗಳಿಗೆಯಿಂದ ಈ ಮನುಷ್ಯ ಹೇಳೋದು ನಿಜವೋ ಸುಳ್ಳೋ ಯಾರಿಗೂ ಗೊತ್ತಾಗಬಾರದು. ಅವನು ಯಾಕೆ ಹಾಗೆ ಅಂತ ಕೊನೆಯವರೆಗೂ ಯಾರೂ ಹೇಳಲಿಲ್ಲ. ಮಕ್ಕಳೂ ಕೇಳಲಿಲ್ಲ.

2005ರಲ್ಲಿ ಕಾರಣ ಕೊಟ್ಟರು. ಅಪ್ಪ ಹಲ್ಲಿನ ಡಾಕ್ಟರು, ಕ್ರಿಸ್ಟೋಫರ್ ಲೀ. ಮಗನ ಬಾಯಿಗೆ ಕಬ್ಬಿಣದ ಚೌಕಟ್ಟು ಬಿಗಿದು, ಮಿಠಾಯಿಯನ್ನೆಲ್ಲ ಒಲೆಗೆ ಹಾಕಿದ. ಅದಕ್ಕೇ ಮಗ ಹೀಗಾದ. ಇದು ಪುಸ್ತಕದಲ್ಲೂ ಇಲ್ಲ, ಹಳೇ ಸಿನಿಮಾದಲ್ಲೂ ಇಲ್ಲ. ಮಾಯಗಾರ ಅಂತ ಟಿಕೆಟ್ ತಗೊಂಡು ಹೋದರೆ ಒಳಗೆ ಪೇಷೆಂಟ್ ಕೂತಿದ್ದ. 2023ರದ್ದರಲ್ಲಿ ಅಮ್ಮ ಬಂದಳು, ಸ್ಯಾಲಿ ಹಾಕಿನ್ಸ್. ಈ ಸಲ ಅಮ್ಮನ ಪ್ರೀತಿಯೇ ಕಾರಣ. ಅಪ್ಪನ ಮೇಲೆ ಹಾಕಿದ್ದಾಯ್ತು, ಅಮ್ಮನ ಮೇಲೆ ಹಾಕಿದ್ದಾಯ್ತು. ಇನ್ನೊಂದು ಬಂದರೆ ಸೋದರಮಾವ ಬರಬೇಕು.

2023ರಲ್ಲಿ ನಿಮ್ಮ ಪಾತ್ರ?

ಹೊಳೆಯಾಗಿ ಹರಿಯೋದು ತಪ್ಪಿ, ಚರ್ಚಿನ ಕೆಳಗೆ ವ್ಯಾಪಾರಿಗಳು ಬಚ್ಚಿಟ್ಟ ತೊಟ್ಟಿಯಲ್ಲಿದ್ದೆ. ಕಾವಲಿಗೆ ಚಾಕಲೇಟ್ ಚಪಲದ ಸನ್ಯಾಸಿಗಳು. ಆದರೂ ಅದು ಮೇಲು. 2024ರಲ್ಲಿ ಗ್ಲಾಸ್ಗೋದಲ್ಲಿ ಯಾರೋ ವೊಂಕಾ ಲೋಕ ತೋರಿಸ್ತೀವಿ ಅಂತ ಟಿಕೆಟ್ ಮಾರಿ, ಖಾಲಿ ಗೋದಾಮು ತೋರಿಸಿ, ಮಕ್ಕಳು ಅತ್ತು, ಪೊಲೀಸರು ಬಂದರಲ್ಲ, ಅಲ್ಲಿ ನಾನಿರಲೇ ಇಲ್ಲ. ದಯವಿಟ್ಟು ಬರೆದುಕೋ.

ಚಾರ್ಲಿಯ ಜೋ ತಾತನ ಮೇಲೂ ಪ್ರೇಕ್ಷಕರಿಗೆ ಕೋಪ.

ನ್ಯಾಯವಾದ ಕೋಪ! ಇಪ್ಪತ್ತು ವರ್ಷ ಹಾಸಿಗೆ ಬಿಟ್ಟೇಳದವನು. ಸೊಸೆ ಬಟ್ಟೆ ಒಗೆದು ಸಾಕಬೇಕು, ಮೊಮ್ಮಗ ಪೇಪರ್ ಹಾಕಬೇಕು. ಕಾರ್ಖಾನೆಯೊಳಗೆ ಬಿಡುವ ಚಿನ್ನದ ಟಿಕೆಟ್ ಕಂಡದ್ದೇ ತಡ, ಹಾಡಿಕೊಂಡು ಕುಣಿದ. ಇದು 1971ರ ಕಥೆ. ಆ ಮೊಮ್ಮಗನ ಪಾತ್ರ ಮಾಡಿದ ಪೀಟರ್ ಆಸ್ಟ್ರಮ್ ಮತ್ತೆ ಸಿನಿಮಾ ಕಡೆ ತಲೆ ಹಾಕಲಿಲ್ಲ, ದನದ ಡಾಕ್ಟರಾದ. ಇಡೀ ತಂಡದಲ್ಲಿ ಬುದ್ಧಿವಂತ ಅವನೇ ಅಂತ ನನಗೆ ಅನಿಸುತ್ತೆ.

ಕೊನೆಯದಾಗಿ, ಓದುಗರಿಗೆ ಏನು ಹೇಳ್ತೀರಿ?

ಅಳಿಲಿಗೆ 2005, ಲಾಗಕ್ಕೆ 1971, ಹಲ್ಲಿನ ಡಾಕ್ಟರು ಬಂದಾಗ ಎದ್ದು ಹೋಗಿ ಕಾಫಿ ಮಾಡಿಕೊಳ್ಳಿ. ಮಕ್ಕಳಿಗೆ ತೋರಿಸೋದಾದರೆ ಯಾವುದನ್ನಾದರೂ ಮೊದಲು ತೋರಿಸಿ. 1971ರದ್ದಾದರೆ ದೋಣಿ ಸುರಂಗಕ್ಕೆ ಹೋದಾಗ ಕೈ ಹಿಡಿದುಕೊಳ್ಳಿ, ಅಲ್ಲಿ ಕೋಳಿಯ ತಲೆ ಕಡಿಯೋದಿದೆ, ಮನುಷ್ಯನ ಮುಖದ ಮೇಲೆ ಸಹಸ್ರಪದಿ ಹರಿದಾಡೋದಿದೆ. ಮತ್ತೆ ಒಂದು ಉಪಕಾರ ಮಾಡಿ. ಸಿನಿಮಾ ಮುಗಿಯೋವರೆಗೂ ಪಕ್ಕದಲ್ಲಿ ಕೂತು ‘ನಮ್ಮ ಕಾಲದ್ದು ಇದಕ್ಕಿಂತ ಚೆನ್ನಾಗಿತ್ತು’ ಅನ್ನಬೇಡಿ. ಬಾಗಿನದ ಬೆಲ್ಲ ಇಲ್ಲೇ ಬಿಟ್ಟು ಹೋಗು.