ಹಿತ್ತಲ ಕೆಂಪಿಗೆ ಒಂದು ಬಹಿರಂಗ ಪತ್ರ

ಕೆಂಪಿ,

ನಿನ್ನ ಮೇಲಿನ ಅಪವಾದ ಬೀದಿಯವರ ಎದುರಿಗೇ ಬಂತು. ಹಾಗಾಗಿ ಅದಕ್ಕೆ ಉತ್ತರವನ್ನೂ ನಾಲ್ಕು ಜನ ಓದುವಂತೆಯೇ ಬರೆಯುತ್ತಿದ್ದೇನೆ.

ನೀನು ಮೊದಲ ಸಲ ಮಂಕರಿಯಲ್ಲಿ ಕೂತೆದ್ದ ಬೆಳಗ್ಗೆ ಹಿತ್ತಲೆಲ್ಲ ಎದ್ದು ನಿಲ್ಲುವಂತೆ ಕೂಗಿದೆ. ನಾನು ಓಡಿಬಂದು ಹುಲ್ಲಿನ ಮೇಲೆ ಕೈಯಾಡಿಸಿದೆ. ಸಿಕ್ಕಿದ್ದು ಗಟ್ಟಿ ಮೊಟ್ಟೆಯಲ್ಲ, ಜೋಲುವ ಒಂದು ಬಿಳಿ ಪೊರೆ. ಇನ್ನೂ ಬೆಚ್ಚಗಿತ್ತು. ಹೆಬ್ಬೆರಳು ತಾಗಿದ ಕಡೆ ತಗ್ಗು ಬಿದ್ದು ಹಾಗೇ ನಿಂತಿತು. ಬಿಸಿಲಿಗೆ ಹಿಡಿದರೆ ಒಳಗೆ ಹಳದಿ ಓಲಾಡುವುದು ಕಾಣುತ್ತಿತ್ತು. ಎರಡು ದಿನ ಬಿಟ್ಟು ಇಟ್ಟಿದ್ದಕ್ಕೆ ಚಿಪ್ಪೇನೋ ಇತ್ತು, ಎತ್ತುವಾಗಲೇ ಹಪ್ಪಳದಂತೆ ಮುರಿಯಿತು. ಬೇಲಿಯಾಚೆ ನಿಂತಿದ್ದ ಹಿರಿಯರೊಬ್ಬರು, "ಇಂಥ ಮೊಟ್ಟೆ ಇಡೋ ಕೋಳಿ ಮನೆಗೆ ಆಗ್ಬರಲ್ಲ ಕಣಮ್ಮ, ಈ ಭಾನುವಾರ ಕುಯ್ದಾಕ್ಬಿಡಿ" ಅಂದರು. ಅವರು ಕೆಟ್ಟವರಲ್ಲ. ಅವರಿಗೆ ಹಿಂದಿನವರು ಹೇಳಿದ್ದನ್ನು ಅವರು ನನಗೆ ಹೇಳಿದರು. ಆದರೆ ಆ ಮಾತು ತಪ್ಪು.

ನಿನಗಿನ್ನೂ ಆರನೇ ತಿಂಗಳು. ಹೊಸದಾಗಿ ಮೊಟ್ಟೆಗೆ ಬಂದ ಹೇಂಟೆಯ ಒಡಲು ಚಿಪ್ಪು ಕಟ್ಟುವ ಕೆಲಸಕ್ಕೆ ಹದವಾಗಲು ಕೆಲವು ದಿನ ಬೇಕು. ಮೊದಲ ಒಂದೆರಡು ವಾರ ಚಿಪ್ಪಿಲ್ಲದ್ದು, ತೆಳು ಚಿಪ್ಪಿನದು, ಎರಡು ಹಳದಿಯದು, ಗೋಲಿಯಷ್ಟೇ ಪುಟ್ಟದು, ಎಲ್ಲವೂ ಬರಬಹುದು. ಅದು ರೋಗವೂ ಅಲ್ಲ, ಶಕುನವೂ ಅಲ್ಲ.

ನಿನ್ನೊಳಗೆ ಒಂದು ಮೊಟ್ಟೆ ಹೇಗೆ ಆಗುತ್ತದೆಂದು ತಿಳಿದ ಮೇಲೆ ನಿನ್ನನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಹಳದಿ ಕಳಚಿ ಬಿದ್ದಾಗಿನಿಂದ ಮೊಟ್ಟೆ ಹೊರಬರುವವರೆಗೆ 24–26 ಗಂಟೆ. ಅದರಲ್ಲಿ ಬಿಳಿ ಸುತ್ತಿಕೊಳ್ಳಲು ಮೂರು ಗಂಟೆ, ಪೊರೆಗೆ ಒಂದು ಗಂಟೆಯ ಮೇಲೆ ಸ್ವಲ್ಪ. ಉಳಿದ ಹೆಚ್ಚುಕಡಿಮೆ 20 ಗಂಟೆಯೂ ಚಿಪ್ಪಿನದೇ. ಆ ಚಿಪ್ಪಿನ ನೂರರಲ್ಲಿ 94–95 ಪಾಲು ಬರೀ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲು ಯಾವುದರಿಂದ ಆಗಿದೆಯೋ ಅದೇ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ನಿನ್ನ ಇಡೀ ಎಲುಬುಗೂಡಿನಲ್ಲಿ ಇರುವುದೇ ಸುಮಾರು 20 ಗ್ರಾಂ.

ಈ ಲೆಕ್ಕ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಚಿಪ್ಪು ಹೆಚ್ಚಾಗಿ ಕಟ್ಟುವುದು ಕತ್ತಲಲ್ಲಿ, ನೀನು ಗೂಡಿನ ಕೋಲಿನ ಮೇಲೆ ಕಣ್ಣು ಮುಚ್ಚಿ ಕೂತಿರುವಾಗ. ಆಗ ಕಾಳು ಹೆಕ್ಕಲು ಆಗದು. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಉಳಿದಿದ್ದರೆ ಸರಿ, ಇಲ್ಲದಿದ್ದರೆ ನಿನ್ನ ಮೈ ತನ್ನ ಮೂಳೆಯನ್ನೇ ಕರಗಿಸಿ ಚಿಪ್ಪಿಗೆ ಕೊಡುತ್ತದೆ. ಮೊಟ್ಟೆ ಇಡುವ ಎರಡು ವಾರ ಮುಂಚೆಯೇ ಕಾಲಿನ ಉದ್ದ ಮೂಳೆಗಳೊಳಗೆ ಇದಕ್ಕೆಂದೇ ಒಂದು ದಾಸ್ತಾನು ಕಟ್ಟಿಕೊಂಡಿರುತ್ತೀಯ. ದಿನಾ ತೆಗೆದದ್ದನ್ನು ಮತ್ತೆ ತುಂಬದಿದ್ದರೆ ಆ ದಾಸ್ತಾನೂ ಮುಗಿಯುತ್ತದೆ. ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ಕೋಳಿ ಕುಂಟುತ್ತದೆ.

ನಾನು ನಿನಗೆ ಏನು ಹಾಕುತ್ತಿದ್ದೆ? ಬೆಳಗ್ಗೆ ನುಚ್ಚು, ಮಧ್ಯಾಹ್ನ ಮಿಕ್ಕ ಅನ್ನ, ಸಂಜೆ ಎರಡು ಹಿಡಿ ರಾಗಿ. ರಾಗಿಯಲ್ಲಿ ಸುಣ್ಣದಂಶ ಜಾಸ್ತಿ, ಮೂಳೆಗೆ ಒಳ್ಳೆಯದು ಎಂದು ಹುಟ್ಟಿದಾಗಿನಿಂದ ಕೇಳಿದ್ದೇನೆ, ಅದು ನಿಜವೂ ಹೌದು. ಧಾನ್ಯಗಳಲ್ಲೆಲ್ಲ ರಾಗಿಯದೇ ಮೇಲುಗೈ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಮನುಷ್ಯರಿಗೆ ಅದು ದೊಡ್ಡದು. ನೀನು ದಿನಕ್ಕೆ ತಿನ್ನುವುದು ಎಲ್ಲ ಸೇರಿ ನೂರು, ನೂರಿಪ್ಪತ್ತು ಗ್ರಾಂ. ಅಷ್ಟನ್ನೂ ರಾಗಿಯೇ ತಿಂದರೂ ಅರ್ಧ ಗ್ರಾಂ ಮುಟ್ಟುವುದಿಲ್ಲ. ತಿಂದದ್ದರಲ್ಲಿ ಅರ್ಧದಷ್ಟೇ ಮೈಗೆ ಹತ್ತುವುದರಿಂದ ಮೊಟ್ಟೆ ಇಡುವ ದಿನ ನಿನಗೆ 4 ಗ್ರಾಂ ಹತ್ತಿರ ಬೇಕು. ನುಚ್ಚಿನಲ್ಲಂತೂ ಏನೂ ಇಲ್ಲ. ಸೊಪ್ಪು ಒಳ್ಳೆಯದೇ, ಆದರೆ ಪಾಲಕ್ಕು, ದಂಟಿನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ನಾನು ಪ್ರೀತಿಯಿಂದ ಹಾಕಿದ್ದೆಲ್ಲ ನಿನ್ನ ಹೊಟ್ಟೆ ತುಂಬಿಸಿತು, ಚಿಪ್ಪಿಗೆ ಆಗಲಿಲ್ಲ.

ನೀನು ಗಿರಿರಾಜ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ, ನಮ್ಮಂಥವರ ಹಿತ್ತಲಿಗೆಂದೇ ರೂಪಿಸಿದ ತಳಿ. ನಾಟಿ ಹೇಂಟೆ ವರ್ಷಕ್ಕೆ 50–60 ಮೊಟ್ಟೆ ಇಟ್ಟು, ನಡುನಡುವೆ ಕಾವಿಗೆ ಕೂತು ಮೈ ಸುಧಾರಿಸಿಕೊಳ್ಳುತ್ತದೆ. ನೀನು ಅದರ ಎರಡರಷ್ಟು ಇಡುವವಳು. ತಿಪ್ಪೆ ಕೆದರಿ ನಾಟಿ ಕೋಳಿ ಹೊಂದಿಸಿಕೊಂಡದ್ದು ನಿನಗೆ ಸಾಲದು. ಹೆಚ್ಚು ಮೊಟ್ಟೆ ಬೇಕೆಂದು ನಿನ್ನನ್ನು ತಂದವರು ನಾವು, ಹೆಚ್ಚಿನ ಸುಣ್ಣದಂಶವನ್ನೂ ನಾವೇ ಕೊಡಬೇಕು.

ಈಗ ಗೂಡಿನ ಮೂಲೆಯಲ್ಲಿ ಎರಡು ತೆಂಗಿನ ಕರಟ ಇಟ್ಟಿದ್ದೇನೆ, ನೀನೇ ನೋಡಿದ್ದೀಯ. ಒಂದರಲ್ಲಿ ಒಡೆದ ಕಡಲ ಚಿಪ್ಪು. ಕುಮಟಾ ಕಡೆಯ ಗೆಳತಿ ಅಘನಾಶಿನಿ ಹೊಳೆಬಾಯಿಯ ಬಳಚಿನ ಚಿಪ್ಪು ಒಂದು ಚೀಲ ಕಳಿಸಿದಳು. ಪಲ್ಯ ಮಾಡಿಯಾದ ಮೇಲೆ ಅವರಲ್ಲಿ ಅದು ಅಂಗಳದಲ್ಲೇ ರಾಶಿ ಬಿದ್ದಿರುತ್ತದಂತೆ. ತೊಳೆದು, ಒಣಗಿಸಿ, ಒರಳಲ್ಲಿ ಕುಟ್ಟಿದೆ. ಹಿಟ್ಟಾಗುವಂತೆ ಅಲ್ಲ, ದಪ್ಪ ರವೆಗಿಂತ ಒಂದಿಷ್ಟು ದೊಡ್ಡದಾಗಿ. ಹಿಟ್ಟು ಬೇಗ ಕರಗಿ ಸಂಜೆಯೊಳಗೆ ಹೋಗಿಬಿಡುತ್ತದೆ. ಹರಳು ನಿನ್ನ ಕಲ್ಲುಹೊಟ್ಟೆಯಲ್ಲಿ ನಿಂತು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ, ಬೇಕಾದ ಹೊತ್ತಿಗೇ ಒದಗುತ್ತದೆ. ಇನ್ನೊಂದು ಕರಟದಲ್ಲಿ ನಿನ್ನದೇ ಹಳೆಯ ಚಿಪ್ಪು. ಅದನ್ನು ಹೆಂಚಿನ ಮೇಲೆ ಬಿಸಿ ಮಾಡಿ, ಗುರುತು ಸಿಗದಂತೆ ಪುಡಿ ಮಾಡಿ ಇಡುತ್ತೇನೆ. ಅರ್ಧ ಚಿಪ್ಪನ್ನು ಹಾಗೇ ಎಸೆದರೆ ಕೋಳಿಗೆ ಮೊಟ್ಟೆ ಕುಕ್ಕಿ ತಿನ್ನುವ ಚಾಳಿ ಹತ್ತೀತು.

ಮೊದಲ ಸಂಜೆಯೇ ನೀನು ಕರಟದ ಬಳಿ ಬಂದು ಕತ್ತು ಓರೆ ಮಾಡಿ ನೋಡಿದೆ. ಟಿಕ್, ಟಿಕ್ ಎಂದು ಒಂದೊಂದೇ ಹರಳು ಆರಿಸಿದೆ. ಪಕ್ಕದಲ್ಲೇ ಇದ್ದ ಹುಂಜ ಒಮ್ಮೆ ಕುಕ್ಕಿ ಬಿಟ್ಟುಹೋಯಿತು. ಸುಣ್ಣದಂಶದ ಹಸಿವು ಮೊಟ್ಟೆ ಇಡುವ ಹೇಂಟೆಗೆ ಬೇರೆಯೇ ಇರುತ್ತದೆ, ಸಂಜೆ ಹೊತ್ತಿಗೆ ಜೋರಾಗುತ್ತದೆ. ಅದಕ್ಕೇ ಕಾಳಿಗೆ ಬೆರೆಸದೆ ಪ್ರತ್ಯೇಕ ಇಡಬೇಕು. ಬೇಡದವರಿಗೆ ಬಲವಂತವಾಗಿ ಹೋಗಬಾರದು. ನಿನಗೆ ಮೂರು ತಿಂಗಳಾದಾಗ ಫೀಡಿನ ಅಂಗಡಿಯೊಂದರಲ್ಲಿ, ಈಗಿಂದಲೇ ಲೇಯರ್ ಫೀಡ್ ಹಾಕಿದರೆ ಬೇಗ ಮೊಟ್ಟೆಗೆ ಬರುತ್ತದೆ ಅಂದಿದ್ದರು. ಪುಣ್ಯಕ್ಕೆ ನಾನು ತರಲಿಲ್ಲ. ಬೆಳೆಯುವ ಕೋಳಿಯ ಮೇವಿನಲ್ಲಿ ಕ್ಯಾಲ್ಸಿಯಂ ನೂರಕ್ಕೆ ಒಂದರಷ್ಟು ಸಾಕು, ಲೇಯರ್ ಫೀಡಿನಲ್ಲಿ ಮೂರೂವರೆಯಿಂದ ನಾಲ್ಕು ಇರುತ್ತದೆ. ಎಳೆಯ ಕೋಳಿಯ ಮೂತ್ರಪಿಂಡ ಅದನ್ನು ತಡೆಯಲಾರದು. ಈಗ ಮೊಟ್ಟೆಗೆ ಬಂದಿದ್ದೀಯ, ಈಗ ಅದು ನಿನಗೆ ಸಲ್ಲುತ್ತದೆ, ತಂದು ಹಾಕುತ್ತಿದ್ದೇನೆ. ಎಲೆಯಡಿಕೆಯ ಸುಣ್ಣ ನೀರಿಗೆ ಕಲಸಿ ಕೊಡಿ ಎಂದವರೂ ಇದ್ದರು. ಆ ಸುಣ್ಣ ಬಾಯಿ, ಗಂಟಲು ಸುಡುತ್ತದೆ. ಅದನ್ನು ನಿನ್ನ ಹತ್ತಿರ ತರುವುದಿಲ್ಲ.

ಬಿಸಿಲು ಬೇಕು, ಬೇಗೆ ಬೇಡ. ಬಿಸಿಲಿನಲ್ಲಿ ನಿನ್ನ ಬರಿಯ ಕಾಲ ಚರ್ಮದಲ್ಲಿ ಡಿ ವಿಟಮಿನ್ ಆಗುತ್ತದೆ, ಅದಿಲ್ಲದೆ ತಿಂದ ಚಿಪ್ಪು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಏಪ್ರಿಲ್ ಮಧ್ಯಾಹ್ನ ನೀನು ರೆಕ್ಕೆ ಇಳಿಬಿಟ್ಟು ಬಾಯಿ ತೆರೆದು ಏದುವಾಗ ಮೈಯೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಚಿಪ್ಪಿಗೆ ಕ್ಯಾಲ್ಸಿಯಮ್ಮಿನಷ್ಟೇ ಅದೂ ಬೇಕು. ಹಾಗಾಗಿ ಬೇಸಿಗೆಯಲ್ಲಿ ಕರಟ ತುಂಬಿದ್ದರೂ ಚಿಪ್ಪು ತೆಳುವಾಗುತ್ತದೆ. ನುಗ್ಗೆ ಮರದಡಿ ಗೋಣಿ ತಟ್ಟು ನೆನೆಸಿ ಕಟ್ಟಿದ್ದೇನೆ, ಮಡಕೆಯ ನೀರನ್ನು ಮಧ್ಯಾಹ್ನ ಎರಡು ಸಲ ಬದಲಿಸುತ್ತೇನೆ. ಬೀದಿನಾಯಿ ಒಳಗೆ ನುಗ್ಗದಂತೆ ಬೇಲಿ ಬಿಗಿ ಮಾಡಿಸಿದೆ, ಬೆದರಿದ ಕೋಳಿ ಚಿಪ್ಪು ಕಟ್ಟುವ ಮೊದಲೇ ಮೊಟ್ಟೆ ಹಾಕಿಬಿಡುವುದುಂಟು.

ಹದಿನೈದು ದಿನ ಕಳೆದವು. ಇವತ್ತಿನ ಮೊಟ್ಟೆಯನ್ನು ಪಾತ್ರೆಯ ಅಂಚಿಗೆ ಎರಡು ಸಲ ತಟ್ಟಿದ ಮೇಲೆ ಒಡೆಯಿತು.

ಬೇಲಿಯಾಚೆಯ ಹಿರಿಯರಿಗೂ, ಹೊಸದಾಗಿ ಹೇಂಟೆ ತಂದಿರುವ ಅಕ್ಕಂದಿರಿಗೂ ಇಷ್ಟು ಕೇಳಿಕೊಳ್ಳುತ್ತೇನೆ. ಚಿಪ್ಪು ಸುಕ್ಕುಗಟ್ಟಿದ್ದರೆ, ಬಿಳಿ ನೀರಿನಂತಿದ್ದರೆ, ಕೋಳಿ ಸೀನುತ್ತಿದ್ದರೆ, ಮೊಟ್ಟೆ ಹೊರಬರದೆ ಮುದುರಿ ಕೂತಿದ್ದರೆ, ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. ಅದಿಲ್ಲದೆ ಬರೀ ಮೆತ್ತನೆ ಮೊಟ್ಟೆಯಾದರೆ ಒಂದು ಕರಟ ಚಿಪ್ಪು ಇಡಿ, ಒಂದು ತಿಂಗಳು ಕಾಯಿರಿ. ದಯವಿಟ್ಟು ಅದರ ಮುಂಚೆ ಕತ್ತಿ ತೆಗೆಯಬೇಡಿ.

ಇಂತಿ,
ನಿನ್ನ ಮನೆಯವಳು