ಕುಕೀ ಮಾರ್ದವ ಮೀಮಾಂಸೆ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಹಬ್ಬದ ಆಫರಿನಲ್ಲಿ ಓಟಿಜಿ ಕೊಂಡು, ಒಂದೆರಡು ಸಲ ಬ್ರೆಡ್ಡು ಕರಿಕಾಗಿಸಿ, ಆಮೇಲೆ ಅದರ ಮೇಲೆ ಹಳೇ ಪೇಪರು ಪೇರಿಸಿಟ್ಟ ಗೃಹಸ್ಥ. ವಿಷಯ, ಮನೆಯಲ್ಲಿ ಮಾಡುವ ಚಾಕೊಲೇಟ್ ಚಿಪ್ ಕುಕೀಯ ಮೆತ್ತನೆಯ ಗುಣ. ಪ್ರಯೋಜನ, ಸಂಜೆ ನಾಲ್ಕರ ಹಸಿವಿನ ನಿವೃತ್ತಿ. ಮೋಕ್ಷದ ಭರವಸೆಯನ್ನು ಈ ಗ್ರಂಥ ಕೊಡುವುದಿಲ್ಲ.

ಮೊದಲು ಪೂರ್ವಪಕ್ಷ. ಜಯನಗರದ ಹಿರಿಯರು ಗರಿಗರಿವಾದಿಗಳು. ಬಿಸ್ಕತ್ತು ಮೆತ್ತಗಿದ್ದರೆ ಯಾರೋ ಡಬ್ಬಿ ಮುಚ್ಚಳ ಸರಿಯಾಗಿ ಮುಚ್ಚಿಲ್ಲ, ಅಷ್ಟೆ. ದೋಷವನ್ನು ಗುಣವೆಂದು ಕರೆಯುವುದು ಕಲಿಗಾಲದ ಲಕ್ಷಣ ಎಂಬುದು ಇವರ ವಾದ. ಇವರಿಗೆ ಪ್ರಮಾಣ ಅಯ್ಯಂಗಾರ್ ಬೇಕರಿ. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದ ಮೇಲೆ ಖಾರಾ ಬಿಸ್ಕತ್ತು ಹುಟ್ಟಿರುವಾಗ ಬೇರೆ ಬಿಸ್ಕತ್ತು ಯಾಕೆ ಬೇಕಿತ್ತು ಎಂದು ಇವರು ಕೇಳುತ್ತಾರೆ. ಕುಕೀ ಎಂಬುದು ಈಗಿನ ಹುಡುಗರ ಹುಚ್ಚು ಎಂದೂ ಸೇರಿಸುತ್ತಾರೆ.

ಈ ಕೊನೆಯ ಮಾತು ನಿಲ್ಲುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಟೋಲ್ ಹೌಸ್ ಎಂಬ ಹೋಟೆಲು ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ ಎಂಬಾಕೆ ಈ ಕುಕೀ ಮಾಡಿದ್ದು 1930ರ ದಶಕದಲ್ಲಿ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಆದ್ದರಿಂದ ಹಿರಿತನದ ಪ್ರಶ್ನೆ ಬಂದರೆ ಕುಕೀ ಕೂತಿರಬೇಕು, ಜಯನಗರ ಎದ್ದು ನಿಲ್ಲಬೇಕು.

ಇನ್ನು ಸಿದ್ಧಾಂತ. ಇದನ್ನು ಮಂಡಿಸಿದವರು ಜೆ.ಪಿ. ನಗರದ ನವ್ಯರು. ಮಾರ್ದವಕ್ಕೆ ಮೂಲ ಕಂದು ಸಕ್ಕರೆ. ಅದರಲ್ಲಿರುವ ಕಾಕಂಬಿ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರ ಹುಳಿ ಅಡುಗೆ ಸೋಡಾವನ್ನು ಕೆರಳಿಸುತ್ತದೆ. ಮಂಡ್ಯದ ಬೆಲ್ಲವನ್ನು ಪುಡಿ ಮಾಡಿ ಹಾಕಿದರೂ ನಡೆಯುತ್ತದೆ ಎಂಬುದು ಇವರಲ್ಲೇ ಒಂದು ಸ್ವದೇಶಿ ಪಂಗಡ. ಕಲಸಿದ ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟು ಬೆಣ್ಣೆ ಗಟ್ಟಿಯಾಗಲು ಬಿಟ್ಟರೆ ಕುಕೀ ದೋಸೆಯಂತೆ ಹರಡುವುದಿಲ್ಲ. ಚಾಕೊಲೇಟ್ ಚಿಪ್ಸ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಓವನ್ ಬಿಸಿಯಾಗುವ ಮೊದಲೇ ಅರ್ಧದಷ್ಟು ಮಕ್ಕಳ ಬಾಯಲ್ಲಿ ಕರಗಿರುತ್ತವೆ.

ನಿಜವಾದ ಜಗಳ ಇರುವುದು ಬೇಯುವುದರಲ್ಲಿ. 180 ಡಿಗ್ರಿಯಲ್ಲಿ ಸುಮಾರು ಹತ್ತು ನಿಮಿಷ. ಅಂಚು ಗಟ್ಟಿಯಾಗಿ, ನಡುಭಾಗ ಇನ್ನೂ ಹಸಿಯೆಂಬಂತೆ ಕಾಣುವಾಗಲೇ ಹೊರಗೆ ತೆಗೆಯಬೇಕು. ಇಲ್ಲಿ ವಾಕ್ಯಾರ್ಥ ಆರಂಭ:

"ಇದಿನ್ನೂ ಬೆಂದಿಲ್ಲ ಕಣಮ್ಮ."

"ಟ್ರೇ ಬಿಸಿಗೇ ಬೇಯತ್ತೆ ಅತ್ತೆ, ಹತ್ತು ನಿಮಿಷ ಬಿಡಿ."

"ನಮ್ಮ ಕಾಲದಲ್ಲಿ ಒಲೆ ಮೇಲೆ ಬೇಯ್ತಿತ್ತು."

ಅತ್ತೆಯವರ ಮಾತಿಗೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಆದರೆ ಟ್ರೇಯಲ್ಲಿ ಉಳಿದ ಕಾವು ಕುಕೀಯನ್ನು ಹದಕ್ಕೆ ತರುವುದಂತೂ ನಿಜ.

ಬಿಟಿಎಂ ಲೇಔಟಿನ ಪಿಜಿವಾಸಿಗಳ ಉಪಪಂಥವೊಂದು ಕುಕೀ ಕೆಟ್ಟಾಗಲೆಲ್ಲ ಊರಿನ ಎತ್ತರವನ್ನು ದೂರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ನೀರು ಇಲ್ಲಿ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಎಲ್ಲ ಸರಿ. ಆದರೆ ಇದೇ ಎತ್ತರದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಬನ್ನು ಉಬ್ಬುತ್ತಿರುವುದರಿಂದ ಈ ವಾದ ತಿರಸ್ಕೃತ.

ಮೊಟ್ಟೆಯ ಅಧ್ಯಾಯವನ್ನು ಬನಶಂಕರಿ ಸಂಪ್ರದಾಯದವರು ಮೊಸರು ಹಾಕಿ ಮುಗಿಸುತ್ತಾರೆ. ಹೊಗೆ ಕಂಡು ಬೆಂಕಿಯನ್ನು ಊಹಿಸುವ ತಾರ್ಕಿಕರಿಗಿಂತ, ಮಹಡಿಯಿಂದಿಳಿದ ವಾಸನೆಯಲ್ಲೇ ಬಾಡಿಗೆಯವರ ಮೊಟ್ಟೆಗಳನ್ನು ಎಣಿಸಬಲ್ಲ ಮನೆ ಓನರ್ ಆಂಟಿ ಅನುಮಾನ ಪ್ರಮಾಣದಲ್ಲಿ ಒಂದು ಕೈ ಮೇಲು.

ಸಂರಕ್ಷಣೆಯಲ್ಲಿ ಮಾತ್ರ ಎರಡು ಪಕ್ಷಗಳೂ ವಿಚಿತ್ರವಾಗಿ ಕೂಡುತ್ತವೆ. ಹಿರಿಯರು ಜೀವಮಾನವಿಡೀ ಡಬ್ಬಿಯೊಳಗೆ ತೇವ ನುಗ್ಗದಂತೆ ಕಾದರು; ನವ್ಯರು ಅದೇ ಡಬ್ಬಿಗೆ ಒಂದು ಬ್ರೆಡ್ ಸ್ಲೈಸ್ ಹಾಕಿ ತೇವವನ್ನು ಬರಮಾಡಿಕೊಳ್ಳುತ್ತಾರೆ. ಬ್ರೆಡ್ಡು ಒಣಗಿ ಗರಿಗರಿಯಾಗುತ್ತದೆ, ಕುಕೀ ಮೆತ್ತಗೇ ಉಳಿಯುತ್ತದೆ. ಆ ಸ್ಲೈಸು ಬರುವುದು ಮೂಲೆಯ ಅಯ್ಯಂಗಾರ್ ಬೇಕರಿಯಿಂದಲೇ. ಕುಕೀ ಹಂಚಿಕೊಂಡಾದ ಮೇಲೆ ಒಣಗಿದ ಸ್ಲೈಸು ಮಾವನವರ ಪಾಲು. ಅವರು ಅದನ್ನು ಕಾಫಿಯಲ್ಲಿ ಅದ್ದಿ, ಸೊಸೆ ಮಾಡಿದ್ದರಲ್ಲಿ ಇದೊಂದೇ ಸರಿಯಾಗಿ ಬೆಂದಿದೆ ಎಂದು ತೀರ್ಪು ಕೊಟ್ಟಿರುವುದಾಗಿ ತಿಳಿದುಬಂದಿದೆ.